ಹಳೆಯ ವ್ಯವಸ್ಥೆಯನ್ನು ಹೊಸದರೊಡನೆ ನಡೆಸಿದ ಬಗೆ: ಗಣಕಯಂತ್ರದ ಚರಿತ್ರೆಯಲ್ಲೊಂದು ಅಧ್ಯಾಯ

೧೯೫೭ನೆಯ ಇಸವಿಯ ಏಪ್ರಿಲ್ ೧ರಂದು ಭಾರತದಲ್ಲಿ ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದಿತು. ಆದರೆ ಆಣೆಕಾಸುಗಳು ಆ ದಿನವೇ ಪೇಟೆಯಿಂದ ಮರೆಯಾಗಲಿಲ್ಲ. ಕೆಲವು ವರ್ಷಗಳ ಕಾಲ ನಯೆಪೈಸೆಯೂ ಆಣೆಯೂ ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಕೂಡಿ ಬಾಳಿದುವು. ನಾಲ್ಕಾಣೆ ೨೫ ನಯೆಪೈಸೆಗೆ ಸರಿಯಾಗಿ ಹೊಂದಿತು. ಒಂದಾಣೆಯ ಆರೂಕಾಲನ್ನು ಆರೆಂದೂ, ಮೂರಾಣೆಯ ಹದಿನೆಂಟೂಮುಕ್ಕಾಲನ್ನು ಹತ್ತೊಂಬತ್ತೆಂದೂ ಎಣಿಸಬೇಕಾಯಿತು. ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಲೆಕ್ಕವನ್ನು ಸಾಗಿಸುವಾಗ ಈ ಬಗೆಯ ಕಾಲು ಮುಕ್ಕಾಲುಗಳ ತೊಡಕು ಇದ್ದೇ ಇರುತ್ತದೆ. ಹಾಗೆ ಸಾಗಿಸಲಾಗದುದನ್ನು ಏನು ಮಾಡಬೇಕೆಂಬ ಪ್ರಶ್ನೆ ಗಣಕಯಂತ್ರಗಳ ಲೋಕದಲ್ಲಿ ಅರುವತ್ತು ವರ್ಷಗಳಿಂದ ಮತ್ತೆ ಮತ್ತೆ ತಲೆದೋರಿದೆ. ಅಲ್ಲಿ ಅದಕ್ಕೆ ದೊರೆತ ಉತ್ತರವೆಂದರೆ ಹಳೆಯ ವ್ಯವಸ್ಥೆಯನ್ನು ಹೊಸದರ ಮಗ್ಗುಲಲ್ಲಿ, ಕೆಲವೊಮ್ಮೆ ಹೊಸದರ ಹೊಟ್ಟೆಯೊಳಗೇ, ಜೀವಂತವಾಗಿ ಉಳಿಸಿಕೊಳ್ಳುವುದು. ಆ ಉತ್ತರದ ಚರಿತ್ರೆಯನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಾಡಿಕೆಯಲ್ಲಿ ಆಪರೇಟಿಂಗ್ ಸಿಸ್ಟಂ ಎಂದು ಕರೆಯುವ ಕಾರ್ಯಾಚರಣ ವ್ಯವಸ್ಥೆಯು ಯಂತ್ರಕ್ಕೂ ಅದನ್ನು ಬಳಸುವ ಪ್ರೋಗ್ರಾಮುಗಳಿಗೂ ನಡುವೆ ನಿಂತ ಆಡಳಿತ. ಡಿಸ್ಕಿನಲ್ಲಿ ಯಾವ ಕಡತ ಎಲ್ಲಿದೆ, ಯಾವ ಪ್ರೋಗ್ರಾಮಿಗೆ ಎಷ್ಟು ಮೆಮೊರಿ ಸಲ್ಲಬೇಕು, ಮುದ್ರಣಯಂತ್ರದ ಸರದಿ ಯಾರದು ಎಂಬುದನ್ನೆಲ್ಲ ನಿರ್ಣಯಿಸುವುದು ಅದೇ. ಪ್ರೋಗ್ರಾಮುಗಳು ತಮ್ಮ ಬೇಡಿಕೆಗಳನ್ನು ಆ ಆಡಳಿತದ ಭಾಷೆಯಲ್ಲಿಯೇ ಸಲ್ಲಿಸಬೇಕಾದುದರಿಂದ ಆಡಳಿತ ಬದಲಾದರೆ ಅವು ಮೂಕವಾಗುತ್ತವೆ. ಅವು ಬರೆದಿಟ್ಟ ದಾಖಲೆಗಳೂ ಅವುಗಳೊಡನೆ ಮೂಕವಾಗುತ್ತವೆ. ಹಳೆಯದನ್ನು ಉಳಿಸಿಕೊಂಡವರನ್ನು ಸಂಪ್ರದಾಯಶರಣರೆಂದು ಹಳಿಯುವುದು ಸುಲಭ. ನಮ್ಮ ಅಭಿಪ್ರಾಯದಲ್ಲಿ ಅದು ಅನ್ಯಾಯ. ಅವರನ್ನು ಕಟ್ಟಿಹಾಕಿದುದು ಹಳೆಯದರ ಮೇಲಿನ ಮೋಹವಲ್ಲ, ಹಳೆಯದರಲ್ಲಿ ತಾವೇ ಹೂಡಿದ ದುಡಿಮೆ.

ಈ ಸಂಗತಿ ಮೊದಲು ಸ್ಪಷ್ಟವಾದುದು ಅಮೆರಿಕದಲ್ಲಿ, ೧೯೬೪ರ ಸುಮಾರಿಗೆ. ಐ.ಬಿ.ಎಂ. ಸಂಸ್ಥೆ ೧೯೫೯ರಲ್ಲಿ ಪ್ರಕಟಿಸಿದ ೧೪೦೧ ಎಂಬ ಯಂತ್ರ ಸಾವಿರಗಟ್ಟಲೆ ಕಚೇರಿಗಳನ್ನು ಹೊಕ್ಕಿದ್ದಿತು. ೧೯೬೪ರ ಏಪ್ರಿಲ್ ೭ರಂದು ಅದೇ ಸಂಸ್ಥೆ ಸಿಸ್ಟಂ/೩೬೦ ಎಂಬ ಹೊಸ ಯಂತ್ರಕುಟುಂಬವನ್ನು ಘೋಷಿಸಿತು. ಅದರ ರಚನೆಗೂ ೧೪೦೧ರ ರಚನೆಗೂ ಸಂಬಂಧವೇ ಇರಲಿಲ್ಲ. ಇದಕ್ಕೆ ಕೆಲವೇ ತಿಂಗಳು ಮೊದಲು, ೧೯೬೩ರ ಡಿಸೆಂಬರಿನಲ್ಲಿ, ಪ್ರತಿಸ್ಪರ್ಧಿಯಾದ ಹನಿವೆಲ್ ಸಂಸ್ಥೆ ತನ್ನ ೨೦೦ನೆಯ ಮಾದರಿಯನ್ನು ಮುಂದಿಟ್ಟಿತ್ತು. ಅದರೊಡನೆ ೧೪೦೧ರ ಪ್ರೋಗ್ರಾಮುಗಳನ್ನು ಪರಿವರ್ತಿಸಿಕೊಡುವ 'ಲಿಬರೇಟರ್', ಎಂದರೆ ವಿಮೋಚಕ, ಎಂಬ ಸಾಧನವೂ ಇದ್ದಿತು. ಗಿರಾಕಿಗಳನ್ನು ಕಳೆದುಕೊಳ್ಳುವ ಈ ಭಯವೇ ಐ.ಬಿ.ಎಂ. ತನ್ನ ಹೊಸ ಯಂತ್ರದೊಳಗೆ ಹಳೆಯದಕ್ಕೆ ಎಡೆಮಾಡಿಕೊಡಲು ಪ್ರಬಲ ಕಾರಣವಾಯಿತು. ೩೬೦ರ ಕೆಳಗಿನ ಮಾದರಿಗಳಲ್ಲಿ ಯಂತ್ರದ ಆಜ್ಞೆಗಳ ಅಡಿಯಲ್ಲಿದ್ದ ಸೂಕ್ಷ್ಮ ಆಜ್ಞೆಗಳ ಕೋಶದಲ್ಲಿ ೧೪೦೧ರ ನಡವಳಿಕೆಯನ್ನೂ ಅಳವಡಿಸಲಾಯಿತು. ಹೊಸ ಯಂತ್ರ ಹಳೆಯದರ ವೇಷ ಧರಿಸಿ ಅದರ ಪ್ರೋಗ್ರಾಮುಗಳನ್ನು ನಡೆಸುತ್ತಿತ್ತು, ಕೆಲವೊಮ್ಮೆ ಮೂಲಯಂತ್ರಕ್ಕಿಂತ ವೇಗವಾಗಿ. ಇದಕ್ಕೆ 'ಎಮ್ಯುಲೇಟರ್' ಎಂಬ ಹೆಸರು ಬಂದುದೂ ಆಗಲೇ. ಇಲ್ಲಿ ಉಳಿದುದು ವ್ಯವಸ್ಥೆಯಲ್ಲ, ಯಂತ್ರವೆಂದು ಕೆಲವರು ಆಕ್ಷೇಪಿಸಬಹುದು, ಸರಿಯೆ. ಆದರೆ ಮುಂದಿನದಕ್ಕೆಲ್ಲ ತಳಹದಿ ಇದೇ.

೩೬೦ರ ಕುಟುಂಬದಲ್ಲಿಯೇ ಎರಡು ಆಡಳಿತಗಳು ಬೆಳೆದುವು. ದೊಡ್ಡ ಯಂತ್ರಗಳಿಗೆ ಓ.ಎಸ್./೩೬೦, ಅದು ಸಿದ್ಧವಾಗುವುದು ತಡವಾದುದರಿಂದಲೂ, ಚಿಕ್ಕ ಯಂತ್ರಗಳಿಗೆ ಅದು ಭಾರವಾದುದರಿಂದಲೂ, ತಾತ್ಕಾಲಿಕವಾಗಿ ಡಾಸ್/೩೬೦. ಈ ಡಾಸ್ ಮುಂದೆ ವೈಯಕ್ತಿಕ ಗಣಕಗಳಲ್ಲಿ ಬಂದ ಡಾಸ್ ಅಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ತಾತ್ಕಾಲಿಕವೆಂದು ಹುಟ್ಟಿದ ಆ ಡಾಸ್‌ನ ಸಂತತಿ ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಬಾಳಿತು! ಡಾಸ್‌ಗಾಗಿ ಬರೆದುದನ್ನು ಓ.ಎಸ್.ಗೆ ಸಾಗಿಸಲು ಬಹಳಷ್ಟನ್ನು ತಿದ್ದಿ ಬರೆಯಬೇಕಾಗಿತ್ತು. ಆ ಅವಧಿಯಲ್ಲಿ ಕಚೇರಿಯ ಸಂಬಳದ ಪಟ್ಟಿ ನಿಲ್ಲುವಂತಿರಲಿಲ್ಲ. ಎರಡು ಯಂತ್ರಗಳನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ.

ಇದಕ್ಕೆ ಪರಿಹಾರ ಅನಿರೀಕ್ಷಿತವಾದ ಎಡೆಯಿಂದ ಬಂದಿತು. ಐ.ಬಿ.ಎಂ.ನ ಕೇಂಬ್ರಿಜ್ ವಿಜ್ಞಾನಕೇಂದ್ರದಲ್ಲಿ ರಾಬರ್ಟ್ ಕ್ರೀಸಿ, ಲೆಸ್ ಕೊಮೊ ಮೊದಲಾದವರು ೧೯೬೪ರ ಕೊನೆಯಲ್ಲಿ ಆರಂಭಿಸಿದ ಸಿ.ಪಿ.-೪೦ ಎಂಬ ಪ್ರಯೋಗ ೧೯೬೭ರ ಜನವರಿಯಲ್ಲಿ ಬಳಕೆಗೆ ಬಂದಿತು. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವುದು ಅದರ ಗುರಿ. ಆದರೆ ಹಂಚಿದ ಬಗೆ ವಿಲಕ್ಷಣವಾದುದು: ಯಂತ್ರದ ಒಂದೊಂದು ಪಾಲನ್ನು ಕೊಡುವುದಕ್ಕೆ ಬದಲಾಗಿ ಒಬ್ಬೊಬ್ಬನಿಗೂ ಇಡೀ ಯಂತ್ರವೇ ತನ್ನದೆಂಬ ಭ್ರಮೆಯನ್ನು ಕೊಟ್ಟರು. ಹದಿನಾಲ್ಕು ಜನ ಹೀಗೆ ಏಕಕಾಲದಲ್ಲಿ ಹದಿನಾಲ್ಕು ಯಂತ್ರಗಳ ಒಡೆಯರಾಗಬಹುದಾಗಿದ್ದಿತು. ಭ್ರಮೆಯ ಗುಟ್ಟು ಇಷ್ಟೆ. ಯಂತ್ರದ ಆಜ್ಞೆಗಳಲ್ಲಿ ಕೆಲವು ಆಡಳಿತಕ್ಕೆ ಮಾತ್ರ ಮೀಸಲಾದ ವಿಶೇಷಾಧಿಕಾರದವು. ಸಾಮಾನ್ಯ ಪ್ರೋಗ್ರಾಮು ಅವನ್ನು ಉಚ್ಚರಿಸಿದೊಡನೆ ಯಂತ್ರ ತಡೆದು ಮೇಲಿನವರಿಗೆ ದೂರು ಕೊಡುತ್ತದೆ. ಸಿ.ಪಿ.-೪೦ ಇಡೀ ಕಾರ್ಯಾಚರಣ ವ್ಯವಸ್ಥೆಯನ್ನೇ ಸಾಮಾನ್ಯ ಪ್ರೋಗ್ರಾಮಿನ ಸ್ಥಾನದಲ್ಲಿ ಕೂಡಿಸಿತು. ಆ ವ್ಯವಸ್ಥೆ ತಾನೇ ದೊರೆಯೆಂದು ಆಜ್ಞೆ ಮಾಡಿದಾಗ ದೂರು ಸಿ.ಪಿ.ಗೆ ಹೋಗುತ್ತಿತ್ತು, ಸಿ.ಪಿ. ಆ ಕೆಲಸವನ್ನು ತಾನೇ ಮಾಡಿಸಿ, ಏನೂ ನಡೆಯಲಿಲ್ಲವೆಂಬಂತೆ ಫಲವನ್ನು ಹಿಂದಿರುಗಿಸುತ್ತಿತ್ತು. ಪಟ್ಟದಲ್ಲಿ ಕುಳಿತ ದೊರೆಗೆ ದಿವಾನನಿರುವುದೇ ತಿಳಿಯದಂತಹ ರಾಜ್ಯಭಾರ.

ಇದೇ ತತ್ತ್ವ ೧೯೭೨ರ ಆಗಸ್ಟಿನಲ್ಲಿ ವಿ.ಎಂ./೩೭೦ ಎಂಬ ಹೆಸರಿನಿಂದ ಪ್ರಕಟವಾಯಿತು. ಈಗ ಕಚೇರಿಯೊಂದು ತನ್ನ ಹಳೆಯ ಡಾಸ್ ವ್ಯವಸ್ಥೆಯನ್ನು ಒಂದು ಕಲ್ಪಿತಯಂತ್ರದಲ್ಲಿ ಯಥಾಸ್ಥಿತಿಯಲ್ಲಿ ನಡೆಸುತ್ತ, ಪಕ್ಕದ ಕಲ್ಪಿತಯಂತ್ರದಲ್ಲಿ ಹೊಸ ವ್ಯವಸ್ಥೆಯನ್ನು ಪರೀಕ್ಷಿಸಬಹುದಾಯಿತು. ಹಳೆಯದರ ಒಂದಕ್ಷರವನ್ನೂ ತಿದ್ದಬೇಕಾಗಿರಲಿಲ್ಲ ಎಂಬುದು ಇಲ್ಲಿ ಮುಖ್ಯವಾದ ಮಾತು. ಭಾರತದಲ್ಲಿ ಕಥೆ ಬೇರೆಯಾಯಿತು. ೧೯೭೮ರಲ್ಲಿ ಐ.ಬಿ.ಎಂ. ಈ ದೇಶವನ್ನು ಬಿಟ್ಟಾಗ ಅದರ ಯಂತ್ರಗಳ ಪಾಲನೆಯನ್ನು ಸರ್ಕಾರದ ಸಿ.ಎಂ.ಸಿ. ಸಂಸ್ಥೆ ವಹಿಸಿಕೊಂಡಿತು. ಅಲ್ಲಿ ಹಳೆಯದು ಹೊಸದರೊಡನೆ ಬಾಳಲಿಲ್ಲ, ಒಂಟಿಯಾಗಿ ಬಾಳಿತು; ಆ ವಿಷಯ ಬೇರೊಂದು ಲೇಖನಕ್ಕೆ ಯೋಗ್ಯವಾದುದು.

ವೈಯಕ್ತಿಕ ಗಣಕದ ಯುಗದಲ್ಲಿ ಇದೇ ಪಾಠವನ್ನು ಮೊದಲಿನಿಂದ ಕಲಿಯಬೇಕಾಯಿತು. ಮೇಜಿನ ಮೇಲಿನ ಆ ಯಂತ್ರಕ್ಕೆ ದೊಡ್ಡ ಯಂತ್ರದ ಅನುಭವ ಪರಂಪರೆಯಾಗಿ ಬರಲಿಲ್ಲ. ೧೯೮೧ರಲ್ಲಿ ಐ.ಬಿ.ಎಂ. ಪಿ.ಸಿ.ಯೊಡನೆ ಬಂದ ಡಾಸ್, ಪ್ರೋಗ್ರಾಮುಗಳಿಗೆ ಯಂತ್ರವನ್ನೆಲ್ಲ ತೆರೆದಿಟ್ಟಿದ್ದಿತು. ಅವು ತೆರೆಯ ಮೇಲೆ ನೇರವಾಗಿ ಬರೆಯುತ್ತಿದ್ದುವು, ಮನಬಂದ ಮೆಮೊರಿಯನ್ನು ಮುಟ್ಟುತ್ತಿದ್ದುವು. ಹೀಗೆ ಬೆಳೆದ ಮಕ್ಕಳನ್ನು ಶಿಸ್ತಿನ ಮನೆಗೆ ಕರೆತರುವುದು ಸುಲಭವಲ್ಲ. ೧೯೮೭ರ ಡಿಸೆಂಬರಿನಲ್ಲಿ ಐ.ಬಿ.ಎಂ. ಮತ್ತು ಮೈಕ್ರೋಸಾಫ್ಟ್ ಜೊತೆಗೂಡಿ ಹೊರತಂದ ಓ.ಎಸ್./೨ ಅಂತಹ ಶಿಸ್ತಿನ ಮನೆ. ಅದು ಇಂಟೆಲ್‌ನ ೮೦೨೮೬ ಪ್ರೊಸೆಸರಿನ ರಕ್ಷಿತಸ್ಥಿತಿಯಲ್ಲಿ ನಡೆಯುತ್ತಿತ್ತು. ಡಾಸ್ ಪ್ರೋಗ್ರಾಮುಗಳಿಗಾದರೋ ಹಳೆಯ ಮುಕ್ತಸ್ಥಿತಿಯೇ ಬೇಕು. ದುರದೃಷ್ಟವೆಂದರೆ ೨೮೬ರಲ್ಲಿ ಮುಕ್ತಸ್ಥಿತಿಯಿಂದ ರಕ್ಷಿತಸ್ಥಿತಿಗೆ ಹೋಗುವ ಬಾಗಿಲಿತ್ತೇ ಹೊರತು ಹಿಂದಿರುಗುವ ಬಾಗಿಲಿರಲಿಲ್ಲ. ಹಿಂದಿರುಗಬೇಕಾದರೆ ಪ್ರೊಸೆಸರನ್ನೇ ಆರಿಸಿ ಹೊತ್ತಿಸಿದಂತೆ ಮೊದಲಿನಿಂದ ಎಬ್ಬಿಸಬೇಕು. ಆಗಿನ ಯಂತ್ರಗಳಲ್ಲಿ ಈ ಕೆಲಸವನ್ನು ಮಾಡಿಸಿದುದು ಕೀಲಿಮಣೆಯನ್ನು ನೋಡಿಕೊಳ್ಳುವ ಪುಟ್ಟ ಚಿಪ್ಪು! 'ಇದು ನಿಜವಾದ ಪ್ರಾರಂಭವಲ್ಲ, ಬಿಟ್ಟಲ್ಲಿಗೆ ಮರಳು' ಎಂಬ ಗುರುತನ್ನು ಒಂದೆಡೆ ಬರೆದಿಟ್ಟು, ಆ ಚಿಪ್ಪಿನ ಮೂಲಕ ಪ್ರೊಸೆಸರನ್ನು ಎಬ್ಬಿಸುತ್ತಿದ್ದರು. ಡಾಸ್‌ಗೆ ಹೋಗಿ ಬರುವ ಪ್ರತಿ ಸಲವೂ ಇದೇ ಪ್ರಯಾಸ. ಇಷ್ಟಾದರೂ ಒಂದು ಸಲಕ್ಕೆ ಒಂದೇ ಡಾಸ್ ಪ್ರೋಗ್ರಾಮು, ಬಳಕೆದಾರ ಓ.ಎಸ್./೨ರ ಕಡೆ ತಿರುಗಿದರೆ ಅದು ನಿಂತಲ್ಲೇ ನಿಂತುಬಿಡುತ್ತಿತ್ತು. ಬಳಕೆದಾರರು ಈ ಡಾಸ್ ಪೆಟ್ಟಿಗೆಗೆ 'ಶಿಕ್ಷೆಯ ಪೆಟ್ಟಿಗೆ' ಎಂಬರ್ಥದ ಅಡ್ಡಹೆಸರಿಟ್ಟುದು ಆಶ್ಚರ್ಯವಲ್ಲ.

೧೯೮೫ರಲ್ಲಿ ಬಂದ ೮೦೩೮೬ ಪ್ರೊಸೆಸರ್ ಈ ಕಷ್ಟವನ್ನು ಬಿಡಿಸಿತು. ರಕ್ಷಿತಸ್ಥಿತಿಯನ್ನು ಬಿಡದೆಯೇ ಹಲವು ಹಳೆಯ ೮೦೮೬ ಯಂತ್ರಗಳ ಭ್ರಮೆಯನ್ನು ಸೃಷ್ಟಿಸುವ ಶಕ್ತಿ ಅದರಲ್ಲಿ ಅಂತರ್ಗತವಾಗಿತ್ತು. ೧೯೯೦ರ ವಿಂಡೋಸ್ ೩.೦ ಇದನ್ನು ಬಳಸಿಕೊಂಡಿತು. ೧೯೯೨ರ ಏಪ್ರಿಲಿನಲ್ಲಿ ಬಂದ ಓ.ಎಸ್./೨ರ ಎರಡನೆಯ ಆವೃತ್ತಿ ಇನ್ನೂ ಮುಂದೆ ಹೋಗಿ, ಹಲವು ಡಾಸ್ ಪ್ರೋಗ್ರಾಮುಗಳನ್ನು ಏಕಕಾಲಕ್ಕೆ ನಡೆಸಿತಲ್ಲದೆ, ನಿಜವಾದ ಹಳೆಯ ಡಾಸನ್ನೇ ಫ್ಲಾಪಿಯಿಂದ ತನ್ನೊಳಗೆ ಎಬ್ಬಿಸಬಲ್ಲುದಾಯಿತು. ವಿಂಡೋಸ್ ಪ್ರೋಗ್ರಾಮುಗಳಿಗೂ ಅಲ್ಲಿ ಆಶ್ರಯವಿದ್ದಿತು. ಈ ಆತಿಥ್ಯವೇ ಓ.ಎಸ್./೨ರ ಅವನತಿಗೆ ಕಾರಣವೆಂದು ಹೇಳುವವರುಂಟು: ಹಳೆಯವು ಇಷ್ಟು ಚೆನ್ನಾಗಿ ನಡೆಯುತ್ತಿರಲಾಗಿ ಅದಕ್ಕೆಂದೇ ಹೊಸ ಪ್ರೋಗ್ರಾಮುಗಳನ್ನು ಯಾರು ತಾನೆ ಬರೆದಾರು? ವಾದ ಚಮತ್ಕಾರವಾಗಿದೆ. ಆದರೆ ಅಂದಿನ ಮೆಮೊರಿಯ ದುಬಾರಿ ಬೆಲೆಯನ್ನೂ, ಅಷ್ಟರಲ್ಲಿ ಐ.ಬಿ.ಎಂ.ಗೂ ಮೈಕ್ರೋಸಾಫ್ಟಿಗೂ ಆಗಿಹೋಗಿದ್ದ ಪಾಲನ್ನೂ ಮರೆತು ಆತಿಥ್ಯದ ಮೇಲೆಯೇ ಹೊರೆ ಹೊರಿಸುವುದು ಸಮಂಜಸವೆಂದು ನಮಗೆ ತೋರುವುದಿಲ್ಲ.

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಮಾರ್ಗವೂ ಬೆಳೆದಿತ್ತು. ಒಂದೇ ಡಿಸ್ಕನ್ನು ಭಾಗಮಾಡಿ, ಹಳೆಯದಕ್ಕೊಂದು ಹೊಸದಕ್ಕೊಂದು ಕೋಣೆ ಕೊಟ್ಟು, ಯಂತ್ರವನ್ನು ಹೊತ್ತಿಸುವಾಗ ಯಾವುದು ಬೇಕೆಂದು ಆರಿಸಿಕೊಳ್ಳುವುದು. ಇದಕ್ಕೆ ಅಡಿಗಲ್ಲು ಬಿದ್ದುದು ೧೯೮೩ರ ಮಾರ್ಚಿಯಲ್ಲಿ, ೧೦ ಮೆಗಾಬೈಟಿನ ಡಿಸ್ಕುಳ್ಳ ಪಿ.ಸಿ. ಎಕ್ಸ್‌ಟಿ ಮತ್ತು ಡಾಸ್ ೨.೦ರೊಡನೆ. ಡಿಸ್ಕಿನ ಮೊಟ್ಟಮೊದಲ ೫೧೨ ಬೈಟುಗಳಲ್ಲಿ ೪೪೬ ಬೈಟುಗಳಷ್ಟು ಆರಂಭಿಕ ಪ್ರೋಗ್ರಾಮು, ೬೪ ಬೈಟುಗಳ ವಿಭಾಗಪಟ್ಟಿ, ಕೊನೆಗೆ ೨ ಬೈಟುಗಳ ಮುದ್ರೆ. ಪಟ್ಟಿಯಲ್ಲಿ ನಾಲ್ಕೇ ಸಾಲು. ಆದ್ದರಿಂದ ನಾಲ್ಕೇ ಮುಖ್ಯ ಕೋಣೆಗಳು. ಒಂದು ತಾಮ್ರಪಟದ ಹಲಗೆಗಿಂತ ಚಿಕ್ಕದಾದ ಈ ಶಾಸನ ಮೂವತ್ತು ವರ್ಷಗಳಿಗೂ ಮೀರಿ ಕೋಟ್ಯಂತರ ಯಂತ್ರಗಳನ್ನು ಆಳಿತು. ೧೯೯೫ರ ವಿಂಡೋಸ್ ಹಿಂದಿನ ಡಾಸನ್ನು ಅಳಿಸದೆ, ಅದರ ಕಡತಗಳ ಹೆಸರನ್ನು ಮಾತ್ರ ಬದಲಿಸಿ ಮೂಲೆಗಿಟ್ಟಿತು. ಯಂತ್ರ ಏಳುವಾಗ ಎಫ್೪ ಕೀಲಿಯನ್ನೊತ್ತಿದರೆ ಹಳೆಯ ಡಾಸ್ ಎದ್ದು ಬರುತ್ತಿತ್ತು. ಹಳೆಯದನ್ನು ಮೊದಲು ಸ್ಥಾಪಿಸಿ ಅನಂತರ ಹೊಸದನ್ನು ಸ್ಥಾಪಿಸಬೇಕೆಂಬ ನಿಯಮ ಬಳಕೆದಾರರಲ್ಲಿ ರೂಢಿಯಾದುದು ಇದೇ ಕಾಲದಲ್ಲಿ. ಏಕೆಂದರೆ ಹಳೆಯದು ತನ್ನ ಅನಂತರ ಯಾರೋ ಹುಟ್ಟಿದ್ದಾರೆಂದು ಅರಿಯದು. ಆರಂಭದ ಆ ಶಾಸನವನ್ನು ಅಳಿಸಿ ತನ್ನದನ್ನೇ ಕೆತ್ತಿಬಿಡುತ್ತದೆ.

ಈ ಅಜ್ಞಾನದಿಂದಾದ ಹಾನಿಗಳು ಚರಿತ್ರೆಯ ವಿದ್ಯಾರ್ಥಿಗೆ ವಿಶೇಷವಾಗಿ ವಿಚಾರಾರ್ಹ. ವಿಂಡೋಸ್ ೯೫ ಕಡತಗಳಿಗೆ ೨೫೫ ಅಕ್ಷರಗಳವರೆಗಿನ ಉದ್ದ ಹೆಸರುಗಳನ್ನು ಕೊಟ್ಟಿತಷ್ಟೆ. ಹಳೆಯ ಡಾಸ್ ಕಂಡರೂ ಕಾಣದಂತೆ ಬಿಡುವ ವಿಚಿತ್ರ ಗುರುತಿನೊಡನೆ ಆ ಹೆಸರುಗಳನ್ನು ಅದು ಡಿಸ್ಕಿನ ಪಟ್ಟಿಯಲ್ಲಿ ಅಡಗಿಸಿತ್ತು. ಹಳೆಯ ಡಾಸ್‌ಗೆ ಕಾಣುತ್ತಿದ್ದುದು ಎಂಟಕ್ಷರದ ಮೊಟಕು ಹೆಸರು ಮಾತ್ರ. ಡಿಸ್ಕನ್ನು ಓರಣಗೊಳಿಸುವ ಹಳೆಯ ಉಪಕರಣವೊಂದನ್ನು ಅದರ ಮೇಲೆ ನಡೆಸಿದರೆ ಉದ್ದ ಹೆಸರುಗಳು ಕಸವೆಂದು ತೊಡೆದುಹೋಗುತ್ತಿದ್ದುವು. ವಿಂಡೋಸ್ ಎಕ್ಸ್‌ಪಿಯನ್ನು ವಿಸ್ಟಾ ಅಥವಾ ೭ರೊಡನೆ ಒಂದೇ ಯಂತ್ರದಲ್ಲಿಟ್ಟವರಿಗೂ ಇದೇ ಬಗೆಯ ಅನುಭವವಾಯಿತು: ಎಕ್ಸ್‌ಪಿ ಎದ್ದಾಗಲೆಲ್ಲ ಹೊಸದು ತನ್ನ ಆಪತ್ಕಾಲಕ್ಕೆಂದು ಕೂಡಿಟ್ಟಿದ್ದ ಪುನಃಸ್ಥಾಪನೆಯ ದಾಖಲೆಗಳು ಅಳಿಸಿಹೋಗುತ್ತಿದ್ದುವು. ಕಾಲಗಣನೆಯ ತೊಡಕು ಇನ್ನೊಂದು. ಯಂತ್ರದ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಕಾಲವೆಂದೂ, ಲಿನಕ್ಸ್ ಸಾಮಾನ್ಯವಾಗಿ ವಿಶ್ವಕಾಲವೆಂದೂ ಓದುತ್ತವೆ. ಎರಡನ್ನೂ ಎಚ್ಚರಿಕೆಯಿಲ್ಲದೆ ಒಂದೆಡೆ ಇಟ್ಟ ಭಾರತೀಯ ಗಣಕದಲ್ಲಿ ಐದೂವರೆ ಗಂಟೆಯ ವ್ಯತ್ಯಾಸ ಬೀಳುತ್ತದೆ. ಬೆಳಗಿನ ಜಾವದಲ್ಲಿ ಬರೆದ ಪತ್ರ ಹಿಂದಿನ ದಿನದ ತಾರೀಖನ್ನು ಹೊರಬಹುದು. ಶಾಸನಗಳ ತಿಥಿವಾರಗಳನ್ನು ಪಂಚಾಂಗದೊಡನೆ ತಾಳೆನೋಡಿ ದಣಿದಿರುವ ನಮಗೆ ಇದು ಹೊಸದಾಗಿ ಕೂಡಿಬಂದ ಉದ್ಯೋಗ.

ಆಪಲ್ ಸಂಸ್ಥೆಯ ರೀತಿ ಹೆಚ್ಚು ನಿಷ್ಠುರವಾದುದು. ೨೦೦೧ರ ಮಾರ್ಚಿಯಲ್ಲಿ ಹೊರಬಂದ ಮ್ಯಾಕ್ ಓ.ಎಸ್. ಟೆನ್ ತನ್ನೊಳಗೆ 'ಕ್ಲಾಸಿಕ್' ಎಂಬ ಹೆಸರಿನಲ್ಲಿ ಹಳೆಯ ಒಂಬತ್ತನೆಯ ವ್ಯವಸ್ಥೆಯನ್ನು ನಡೆಸುತ್ತಿತ್ತು. ಮರುವರ್ಷವೇ ಸ್ಟೀವ್ ಜಾಬ್ಸ್ ಪ್ರೋಗ್ರಾಮುಕಾರರ ಸಮ್ಮೇಳನದ ವೇದಿಕೆಯ ಮೇಲೆ ಒಂಬತ್ತನೆಯದರ ಅಣಕು ಶವಸಂಸ್ಕಾರವನ್ನು ನಡೆಸಿದರು. ೨೦೦೬ರ ಇಂಟೆಲ್ ಯಂತ್ರಗಳಲ್ಲಿ ಕ್ಲಾಸಿಕ್‌ಗೆ ಎಡೆಯಿರಲಿಲ್ಲ. ೨೦೦೭ರ ಆವೃತ್ತಿಯಲ್ಲಿ ಅದು ಸಂಪೂರ್ಣವಾಗಿ ಹೋಯಿತು.

ಇತ್ತ ಇಂಟೆಲ್ ಪ್ರೊಸೆಸರುಗಳಲ್ಲಿ ವಿ.ಎಂ./೩೭೦ರ ಮಾದರಿಯನ್ನು ಪೂರ್ಣವಾಗಿ ತರುವುದಕ್ಕೆ ಬಹುಕಾಲ ಅಡ್ಡಿಯಿದ್ದಿತು. ೧೯೭೪ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು ಇಂತಹ ಕಲ್ಪಿತಯಂತ್ರಕ್ಕೆ ಬೇಕಾದ ಲಕ್ಷಣವನ್ನು ನಿರೂಪಿಸಿದ್ದರು: ಯಂತ್ರದ ಸ್ಥಿತಿಯನ್ನು ಮುಟ್ಟುವ ಆಜ್ಞೆಗಳೆಲ್ಲ ಮೇಲಿನವರಿಗೆ ದೂರು ಹೋಗುವಂಥವಾಗಿರಬೇಕು. ಇಂಟೆಲ್‌ನಲ್ಲಿ ಹದಿನೇಳು ಆಜ್ಞೆಗಳು ದೂರಿಲ್ಲದೆ ಸದ್ದಿಲ್ಲದೆ ನುಸುಳುತ್ತಿದ್ದುವು. ೧೯೯೯ರಲ್ಲಿ ವಿಎಂವೇರ್ ಸಂಸ್ಥೆ ಅಂತಹವನ್ನು ನಡೆಯುವ ಮೊದಲೇ ಗುರುತಿಸಿ ಬದಲಿಸಿಬಿಡುವ ಉಪಾಯದಿಂದ ಈ ಕೊರತೆಯನ್ನು ದಾಟಿತು. ೨೦೦೫ರಲ್ಲಿ ಇಂಟೆಲ್ ತಾನೇ ಪ್ರೊಸೆಸರಿನಲ್ಲಿ ಅದನ್ನು ಸರಿಪಡಿಸಿತು. ಇದರ ಫಲವಾಗಿ ೨೦೦೯ರ ವಿಂಡೋಸ್ ೭ರ ಕೆಲವು ಆವೃತ್ತಿಗಳೊಡನೆ 'ಎಕ್ಸ್‌ಪಿ ಮೋಡ್' ಬಂದಿತು. ಅದರಲ್ಲಿ ಎಕ್ಸ್‌ಪಿ ಪೂರ್ಣವಾಗಿ, ಪರವಾನಗಿಸಹಿತವಾಗಿ, ಕಲ್ಪಿತಯಂತ್ರವೊಂದರಲ್ಲಿ ವಾಸಿಸುತ್ತಿತ್ತು. ಅದರ ಪ್ರೋಗ್ರಾಮಿನ ಕಿಟಕಿ ಮಾತ್ರ ಹೊಸದರ ಅಂಗಳದಲ್ಲಿ ತೆರೆಯುತ್ತಿತ್ತು. ೨೦೧೪ರ ಏಪ್ರಿಲ್ ೮ಕ್ಕೆ ಎಕ್ಸ್‌ಪಿಯ ಪೋಷಣೆ ನಿಂತಿತು. ೨೦೨೧ರ ವಿಂಡೋಸ್ ೧೧ರಲ್ಲಿ ೩೨ ಬಿಟ್ಟಿನ ಆವೃತ್ತಿಯೇ ಇಲ್ಲವಾದುದರಿಂದ ಡಾಸ್ ಕಾಲದ ಪ್ರೋಗ್ರಾಮುಗಳು ನೇರವಾಗಿ ನಡೆಯುವ ಹಾದಿಯೂ ಮುಚ್ಚಿತು. ತಯಾರಕರ ದೃಷ್ಟಿಯಲ್ಲಿ ಈ ಸಹವಾಸ ಎಂದೂ ನಾಲ್ಕು ದಿನದ ಬಿಡಾರವೇ. ಗಿರಾಕಿ ಹೊಸದಕ್ಕೆ ಒಗ್ಗುವವರೆಗಿನ ಸೌಕರ್ಯ. ಬಳಕೆದಾರನ ಕಡೆಯಿಂದ ನೋಡಿದರೆ ಅವಧಿ ಅವನ ದಾಖಲೆಗಳ ಆಯುಷ್ಯದಷ್ಟು.

ಕನ್ನಡದಲ್ಲಿ ಕೆಲಸಮಾಡುವ ನಮಗೆ ಇದು ಪರದೇಶದ ವಾರ್ತೆಯಲ್ಲ. ಐ.ಐ.ಟಿ. ಕಾನ್ಪುರದಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಕಾರ್ಡು ಡಾಸ್ ಯಂತ್ರಗಳಲ್ಲಿ ಭಾರತೀಯ ಲಿಪಿಗಳನ್ನು ಮೂಡಿಸಿತು. ಕನ್ನಡ ಯೂನಿಕೋಡಿನಲ್ಲಿ ೧೯೯೧ರಿಂದಲೇ ಇದ್ದರೂ ವಿಂಡೋಸಿನಲ್ಲಿ ಅದಕ್ಕೆ ಆಶ್ರಯ ದೊರೆತುದು ೨೦೦೧ರ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಅಕ್ಷರರೂಪದೊಡನೆ. ಅದಕ್ಕೆ ಮೊದಲೂ, ಅದಾದ ಬಹುಕಾಲದ ಮೇಲೂ ಗ್ರಂಥಗಳು ಅಚ್ಚಾದುದು ಶ್ರೀಲಿಪಿ, ಬರಹ, ನುಡಿ ಮೊದಲಾದವುಗಳ ಸ್ವಂತ ಸಂಕೇತಗಳಲ್ಲಿ, ಹೆಚ್ಚಾಗಿ ಪೇಜ್‌ಮೇಕರ್ ಎಂಬ ಪ್ರೋಗ್ರಾಮಿನಲ್ಲಿ. ಅದರ ಕೊನೆಯ ಆವೃತ್ತಿ ೨೦೦೧ರ ೭.೦. ಆ ಸಂಕೇತಗಳಲ್ಲಿ ಕನ್ನಡದ ಅಕ್ಷರಭಾಗಗಳು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕುಳಿತಿವೆ. ತಕ್ಕ ಅಕ್ಷರರೂಪವಿಲ್ಲದೆ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಬಳಪದಿಂದ ಬರೆದ ಕಪ್ಪುಬಟ್ಟೆಯ ಪುಸ್ತಕಕ್ಕೆ ಸಲ್ಲುತ್ತಿದ್ದ ಕಡತವೆಂಬ ಹೆಸರನ್ನು ನಾವು ಗಣಕಕ್ಕೂ ಕೊಟ್ಟಿದ್ದೇವೆ. ಬಟ್ಟೆಯ ಕಡತವನ್ನು ಬಿಚ್ಚಿದರೆ ಅಕ್ಷರವಾದರೂ ಕಣ್ಣಿಗೆ ಬೀಳುತ್ತದೆ. ಇಲ್ಲಿ ಅದೂ ಇಲ್ಲ.

ಪರಿವರ್ತಿಸಿದರಾಗದೆ ಎಂದು ಕೇಳಬಹುದು. ಪರಿವರ್ತಕಗಳಿವೆ, ಬಹುಮಟ್ಟಿಗೆ ಒಳ್ಳೆಯವೇ ಇವೆ. ಆದರೆ ಆಣೆಯ ಕಾಲುಭಾಗ ಇಲ್ಲಿಯೂ ಉಳಿಯುತ್ತದೆ. 'ಧರ್ಮ' ಎಂಬಲ್ಲಿ ಅರ್ಕಾವೊತ್ತು ಹಳೆಯ ಸಂಕೇತದಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಮಕಾರದ ಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಲ್ಲಿ ರೇಫವೇ ಮೊದಲು ಬರಬೇಕು. ಪರಿವರ್ತಕ ಇದನ್ನು ಬಲ್ಲುದು. ಅದು ಅರಿಯದ ಸಂಗತಿ ಬೇರೆ ಇದೆ. ಕನ್ನಡ ವಾಕ್ಯದ ನಡುವೆ ಇಂಗ್ಲಿಷಿನಲ್ಲಿ ಬರೆದ ಗ್ರಂಥನಾಮವೊಂದಿದ್ದರೆ ಎರಡರ ಸಂಕೇತಗಳೂ ಒಂದೇ; ಬೇರ್ಪಡಿಸುವುದು ಅಕ್ಷರರೂಪದ ಹೆಸರೊಂದೇ. ಅದು ಕಳಚಿಹೋದ ಪಠ್ಯದಲ್ಲಿ ಗ್ರಂಥನಾಮವೂ ಕನ್ನಡದ ಅಸಂಬದ್ಧ ಅಕ್ಷರಗಳಾಗಿ ಮಾರ್ಪಡುತ್ತದೆ. ಶಾಸನಪಾಠದಲ್ಲಿ ಸಂಪಾದಕರು ತುಟಿತ ಭಾಗಗಳಿಗೂ ಸಂದಿಗ್ಧ ಅಕ್ಷರಗಳಿಗೂ ಹಾಕಿದ ವಿಶೇಷ ಚಿಹ್ನೆಗಳ ಗತಿಯೂ ಅದೇ ಆಗಬಹುದು. ಹಾಗೆ ಮಾರ್ಪಟ್ಟಿದೆಯೆ ಎಂದು ಪರೀಕ್ಷಿಸುವ ಬಗೆ ಒಂದೇ: ಮೂಲವನ್ನು ಮೂಲದ ವ್ಯವಸ್ಥೆಯಲ್ಲಿಯೇ ತೆರೆದು ಸಾಲುಸಾಲಾಗಿ ತಾಳೆನೋಡುವುದು.

ಆದುದರಿಂದ ಮೇಲೆ ವಿವರಿಸಿದ ಮಾರ್ಗಗಳಲ್ಲಿ ವಿಭಾಗಗಳೂ ಮುದ್ರಣಾಲಯಗಳೂ ಯಾವುದನ್ನು ಹಿಡಿಯಬೇಕೆಂಬ ವಿಷಯದಲ್ಲಿ ನಮಗೆ ಸಂಶಯವಿಲ್ಲ. ಡಿಸ್ಕನ್ನು ಪಾಲುಮಾಡುವ ಮಾರ್ಗದಲ್ಲಿ ಎರಡು ವ್ಯವಸ್ಥೆಗಳೂ ಏಕಕಾಲದಲ್ಲಿ ಎಚ್ಚತ್ತಿರಲಾರವು; ಪಕ್ಕಪಕ್ಕದಲ್ಲಿಟ್ಟು ತಾಳೆನೋಡುವುದು ಸಾಧ್ಯವಿಲ್ಲ; ಒಂದು ಇನ್ನೊಂದರ ದಾಖಲೆಯನ್ನು ಕೆಡಿಸುವ ಭಯವೂ ಉಂಟು. ಹಳೆಯ ಯಂತ್ರವನ್ನೇ ಮೂಲೆಯಲ್ಲಿಟ್ಟು ಪೂಜಿಸಿದರೆ ಅದರ ಡಿಸ್ಕು ಒಂದು ದಿನ ನಿಂತೇ ಹೋಗುತ್ತದೆ. ಕೇಂಬ್ರಿಜಿನವರು ತೋರಿಸಿದ ಬಗೆಯೇ ಮೇಲು. ಎಕ್ಸ್‌ಪಿ, ಪೇಜ್‌ಮೇಕರ್, ಆಯಾ ಅಕ್ಷರರೂಪಗಳು, ಮುದ್ರಕದ ಚಾಲಕ, ಇವೆಲ್ಲವನ್ನೂ ಕೂಡಿಸಿದ ಒಂದು ಕಲ್ಪಿತಯಂತ್ರ. ಹೊಸ ವ್ಯವಸ್ಥೆಗೆ ಅದು ಬರಿಯ ಒಂದು ದೊಡ್ಡ ಕಡತ. ನಕಲು ಮಾಡಬಹುದು, ಎರಡು ಊರುಗಳಲ್ಲಿ ಇರಿಸಬಹುದು. ಪೋಷಣೆಯಿಲ್ಲದ ವ್ಯವಸ್ಥೆಯಾದುದರಿಂದ ಅದಕ್ಕೆ ಅಂತರಜಾಲದ ಸಂಪರ್ಕವನ್ನು ಕೊಡಕೂಡದು. ಪರವಾನಗಿಯ ಪತ್ರಗಳನ್ನೂ ಸ್ಥಾಪನೆಯ ಸಿ.ಡಿ.ಗಳನ್ನೂ ಅದರೊಡನೆಯೇ ಕಾಪಿಡಬೇಕು. ಅವಿಲ್ಲದೆ ಎಕ್ಸ್‌ಪಿಯನ್ನು ಹೊಸದಾಗಿ ಎಬ್ಬಿಸುವುದು ಕಷ್ಟ. ಈ ಸಾಮಗ್ರಿ ಇನ್ನೂ ಬೀರುಗಳಲ್ಲಿ ಸಿಕ್ಕುತ್ತಿರುವಾಗಲೇ, ಅದನ್ನು ಬಳಸಿ ಬಲ್ಲ ಅಕ್ಷರಸಂಯೋಜಕರು ಕೈಗೆ ದೊರೆಯುತ್ತಿರುವಾಗಲೇ, ಈ ಕೆಲಸ ಆಗಬೇಕಾಗಿದೆ.